ಬಸಿದ ಕೂಲಂಟ್ ಎಲ್ಲಿ ಚೆಲ್ತೀರಿ?

ಮಾನ್ವಿಯಿಂದ ಮಾತಾಡ್ತಿದ್ದೀನಿ. ಹೋದ ಬೇಸಿಗೆಯಲ್ಲಿ ನಮ್ಮ ಕಾಕಾರ ಟ್ರ್ಯಾಕ್ಟರ್ ಹೊಲದಾಗೇ ಕುದ್ದು ನಿಂತಿತು. ರೇಡಿಯೇಟರ್ ಬಿಚ್ಚಿದ್ರೆ ಒಳಗೆಲ್ಲ ಬಿಳಿ ಸುಣ್ಣ. ವರ್ಷಗಟ್ಟಲೆ ಬೋರಿನ ಗಡಸು ನೀರು ಹಾಕಿದ್ರು. ಅದು ಕಾದಂಗೆಲ್ಲ ಸುಣ್ಣ ಬಿಟ್ಟು ಕೊಳವೆ ಕಟ್ಟಿಬಿಡುತ್ತೆ.

ಕೂಲಂಟ್ ಬದಲಿಸೋಕೆ ಮೊದಲು ಇಂಜಿನ್ ಪೂರ್ತಿ ಆರಲಿ. ಬಿಸಿ ಇದ್ದಾಗ ಕ್ಯಾಪ್ ತೆಗೆದ್ರೆ ಕುದಿಯೋ ನೀರು ಮುಖಕ್ಕೇ ಚಿಮ್ಮುತ್ತೆ. ಹಳೇದು ಬಸಿದು, ಡಿಸ್ಟಿಲ್ಡ್ ವಾಟರ್ ತುಂಬಿ, ಇಂಜಿನ್ ಬಿಸಿಯಾಗೋವರೆಗೂ ಓಡಿಸಿ, ಆರಿಸಿ, ಮತ್ತೆ ಬಸೀರಿ. ತಿಳಿನೀರು ಬರೋವರೆಗೂ ಇದೇ ಕೆಲಸ. ಆಮೇಲೆ ಕೂಲಂಟ್, ಡಿಸ್ಟಿಲ್ಡ್ ವಾಟರ್ ಸಾಮಾನ್ಯವಾಗಿ ಅರ್ಧಕ್ಕರ್ಧ. ರೆಡಿ ಮಿಕ್ಸ್ ಆಗಿದ್ರೆ ನೀರು ಬ್ಯಾಡ. ಡಬ್ಬಿ ಮೇಲಿಂದು ಓದ್ರಿ, ನಾವ್ಯಾರೂ ಓದಲ್ಲ ಬಿಡ್ರಿ.

ಕಾಕಾ ಹಳೇದನ್ನ ಕಾಲುವೆ ದಂಡೆ ಮ್ಯಾಲೇ ಬಸಿಯಾಕ ಹೊಂಟಿದ್ರು. ತುಂಗಭದ್ರಾ ಎಡದಂಡೆ ಕಾಲುವೆ ನೀರನ್ನೇ ಕೆರೆಗೆ ತುಂಬಿಸ್ಕೊಂಡು ಕುಡಿಯೋ ಊರುಗಳು ನಮ್ಮವು. ಕೂಲಂಟಿನಾಗಿರೋ ಎಥಿಲೀನ್ ಗ್ಲೈಕಾಲ್ ರುಚಿಗೆ ಸಿಹಿ. ನಾಯಿ, ಕರು ನೆಕ್ಕಿದ್ರೆ ಕಿಡ್ನಿಯೇ ಹೋಗುತ್ತೆ, ಸಣ್ಣ ಮಕ್ಕಳಿಗೂ ಅಷ್ಟೇ. ಜಗಳ ಆಯ್ತು ಖರೆ, ಕಡೀಗೆ ಮುಚ್ಚಳದ ಕ್ಯಾನಿಗೆ ತುಂಬಿ, ಮ್ಯಾಲೆ "ವಿಷ" ಅಂತ ಬರೆದು, ಸರ್ವಿಸ್ ಸೆಂಟರಿನವರನ್ನ ಕೇಳಿ ಅಲ್ಲೇ ಕೊಟ್ಟು ಬಂದ್ವಿ.