ನೆಗಡಿ ಹೋದರೂ ಹೋಗದ ಕೆಮ್ಮು, ತಲೆಸುತ್ತು
(ವಾಚನಾಲಯದಲ್ಲಿ ಮಾಡಿದ ಭಾಷಣ)



ಮಳೆಗಾಲ ಹಿಡಿಯಿತೆಂದರೆ ಕೊಚ್ಚಿಯಲ್ಲಾಗಲಿ ತಿರುವನಂತಪುರದಲ್ಲಾಗಲಿ, ಒಂದೇ ಕೋಣೆಯಲ್ಲಿ ಐದಾರು ಮಂದಿ ಇರುವ ನಮ್ಮವರಲ್ಲಿ ಒಬ್ಬರ ನೆಗಡಿ ಎಲ್ಲರನ್ನೂ ಸುತ್ತಿಯೇ ಹೋಗುತ್ತದೆ. ಮೂಗು ಸೋರುವುದು ವಾರದಲ್ಲಿ ನಿಲ್ಲುತ್ತದೆ. ಕೆಮ್ಮು ನಿಲ್ಲದು; ಎದ್ದು ನಿಂತರೆ ತಲೆ ಸುತ್ತುತ್ತದೆ. ಗುಮಾಸ್ತರಿಗೆ ರಜೆಯ ಚಿಂತೆ, ಕೂಲಿಯವರಿಗೆ ಅಂದಿನ ಕೂಲಿಯ ಚಿಂತೆ.

ನೆಗಡಿಯ ವೈರಸ್ ತೊಲಗಿದರೂ ಶ್ವಾಸನಾಳದ ಒಳಪೊರೆ ಕೆರಳಿಯೇ ಇರುತ್ತದೆ. ಆದುದರಿಂದ ಒಣಕೆಮ್ಮು 3 ವಾರ, ಕೆಲವರಲ್ಲಿ 8 ವಾರದವರೆಗೂ ಎಳೆಯುವುದುಂಟು. ಇದಕ್ಕೆ ಆಂಟಿಬಯಾಟಿಕ್ ಮಾತ್ರೆಯಿಂದ ಪ್ರಯೋಜನವಿಲ್ಲ. ಬೆಚ್ಚನೆಯ ನೀರು, ಒಂದು ಚಮಚ ಜೇನು ಹಿತ. ಬೀಡಿ ಬಿಟ್ಟರೆ ಇನ್ನೂ ಹಿತ. ಇಲ್ಲಿಯವರ ಚುಕ್ಕುಕಾಪಿ ನಮ್ಮ ಒಣಶುಂಠಿ ಕಷಾಯದ ತಮ್ಮನೇ ಸರಿ. ರೋಗ ಕಳೆಯುತ್ತದೆಂದು ನಾವು ಹೇಳಲಾರೆವು, ಗಂಟಲಿಗಂತೂ ಸುಖ.

ಆದರೆ ಕೆಮ್ಮು 2 ವಾರ ದಾಟಿತೋ, ಕಫ ಪರೀಕ್ಷೆ ಮಾಡಿಸಲೇಬೇಕು. ಹೆಚ್ಚಿನವರಿಗೆ ಅದು ನೆಗಡಿಯ ಶೇಷವೇ ಇದ್ದೀತು, ಕ್ಷಯವಲ್ಲವೆಂದು ಖಚಿತವಾಗಬೇಕಲ್ಲ! ಸಂಜೆ ಜ್ವರ, ರಾತ್ರಿ ಬೆವರು, ತೂಕ ಇಳಿಯುವುದು, ಕಫದಲ್ಲಿ ರಕ್ತ ಕಂಡರೆ 2 ವಾರವೂ ಕಾಯಬಾರದು. ಕೋಣೆಯಿಂದ ಹೊರಹಾಕಿಯಾರೆಂಬ ಅಂಜಿಕೆಯಿಂದ ಮುಚ್ಚಿಡುವವರಿದ್ದಾರೆ. ಮುಚ್ಚಿಟ್ಟರೆ ಕೋಣೆಯವರಿಗೆಲ್ಲ ಹರಡೀತು. ಸರ್ಕಾರಿ ಆಸ್ಪತ್ರೆಗಳಲ್ಲಿ ಪರೀಕ್ಷೆಯೂ ಔಷಧವೂ ಉಚಿತ. ಚಿಕಿತ್ಸೆ ಸಾಮಾನ್ಯವಾಗಿ 6 ತಿಂಗಳು. 2024ರ ನವೆಂಬರಿನಿಂದ ಪೌಷ್ಟಿಕ ಆಹಾರಕ್ಕೆಂದು ಕೊಡುವ ಸಹಾಯಧನವನ್ನು ತಿಂಗಳಿಗೆ 1000 ರೂಪಾಯಿಗೆ ಏರಿಸಲಾಯಿತು.

ಇನ್ನು ತಲೆಸುತ್ತು. ನೆಗಡಿಯ ದಿನಗಳಲ್ಲಿ ಊಟ, ನೀರು ಕಡಿಮೆಯಾದರೆ ಎದ್ದಾಗ ಕಣ್ಣು ಕತ್ತಲಿಡುತ್ತದೆ. ಮಂಪರು ತರುವ ನೆಗಡಿಯ ಮಾತ್ರೆಯೂ ಕಾರಣವಾಗಬಹುದು. ಮಲಗಿದ್ದರೂ ಕೋಣೆಯೇ ಗಿರ್ರನೆ ತಿರುಗಿ ವಾಂತಿ ಬರುವಂತಾದರೆ ಒಳಕಿವಿಯ ಸಮತೋಲದ ನರ ಊದಿಕೊಂಡಿರಬಹುದು, ವೈದ್ಯರಿಗೆ ತೋರಿಸಬೇಕು. ಅದು ಇಳಿಯುವವರೆಗೆ ಸಾರುವೆ, ಏಣಿ ಹತ್ತಬಾರದು, ಸ್ಕೂಟರ್ ಓಡಿಸಬಾರದು. ಒಂದು ದಿನದ ಕೂಲಿಗಾಗಿ ಮೂರನೆಯ ಅಂತಸ್ತಿನಿಂದ ಬೀಳುವುದು ಯಾವ ಲೆಕ್ಕ? ಬಾಯಿ ಸೊಟ್ಟಗಾದರೆ, ಮಾತು ತೊದಲಿದರೆ, ಕೈ ಸೋತರೆ, ನಡೆಯಲೇ ಆಗದಿದ್ದರೆ, ಒಂದು ಕಿವಿ ಥಟ್ಟನೆ ಕೇಳಿಸದಾದರೆ ಆ ಕ್ಷಣವೇ ಆಸ್ಪತ್ರೆಗೆ ಹೊರಡಬೇಕು.

ಎರ್ನಾಕುಳಂನಲ್ಲೂ ತಿರುವನಂತಪುರದಲ್ಲೂ ಜನರಲ್ ಆಸ್ಪತ್ರೆಗಳಿವೆ. ಭಾಷೆ ಬಾರದೆಂದು ಹಿಂಜರಿಯುವವರಿಗೆ ಇಷ್ಟು ಸಾಕು: ಕೆಮ್ಮಿಗೆ ಇಲ್ಲಿ ‘ಚುಮ’, ತಲೆಸುತ್ತಿಗೆ ‘ತಲಕರಕ್ಕಂ’, ಕಫ ‘ಕಫಂ’ ಆಗುತ್ತದೆ. ವೈದ್ಯರು ‘ಎತ್ರ ದಿವಸಮಾಯಿ?’ ಎಂದು ಕೇಳುತ್ತಾರೆ, ಎಷ್ಟು ದಿನವಾಯಿತು ಎಂದು. ಕೆಮ್ಮು ಶುರುವಾದ ತಾರೀಖನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಇಂದೇ ಗುರುತು ಹಾಕಿಡಿ.