ತಟ್ಟೆಯ ಮೇಲಿನ ವಿಳಾಸ



ಪುಣೆಯ ಶಿವಾಜಿನಗರದಲ್ಲಿ ‘ಸಿಮ್ಲಾ ಆಫೀಸ್’ ಎಂಬ ಹೆಸರು ನಿಮ್ಮ ಕಿವಿಗೆ ಬಿದ್ದಿರಬಹುದು. ಹವಾಮಾನ ಇಲಾಖೆಯ ಮುಖ್ಯ ಕಚೇರಿ 1928ರಲ್ಲಿ ಸಿಮ್ಲಾದಿಂದ ಇಲ್ಲಿಗೆ ಬಂತು. 1944ರಲ್ಲಿ ಅದು ದೆಹಲಿಗೆ ಹೋದರೂ ಹೆಸರು ಇಲ್ಲೇ ಉಳಿಯಿತು. ದೇಶದ ಮಳೆ-ಬಿಸಿಲಿನ ಹಳೆಯ ಲೆಕ್ಕಗಳನ್ನು ಕಾಪಾಡುವ ರಾಷ್ಟ್ರೀಯ ದತ್ತಾಂಶ ಕೇಂದ್ರವೂ ಶಿವಾಜಿನಗರದಲ್ಲೇ ಇದೆ. ಅಲ್ಲಿ ಲೆಕ್ಕವನ್ನು ಕೂಡಿಟ್ಟರಷ್ಟೇ ಸಾಲದು; ಬೇಕಾದ ಊರಿನ, ಬೇಕಾದ ದಿನದ ಮಳೆ ಕೇಳಿದಾಗ ಕೈಗೆ ಸಿಗಬೇಕು. ನಮ್ಮ ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಮಾಡುವುದೂ ಇದೇ ಕೆಲಸ.

ಕ್ಯಾಸೆಟ್‌ನಲ್ಲಿ ನಾಲ್ಕನೆಯ ಹಾಡು ಬೇಕಾದರೆ ಮೊದಲ ಮೂರನ್ನು ಸುತ್ತಿ ದಾಟಬೇಕು. ಹಾರ್ಡ್ ಡಿಸ್ಕಿನಲ್ಲಿ ಹಾಗಲ್ಲ. ಅದರೊಳಗೆ ಕಾಂತೀಯ ಲೇಪನವಿರುವ ತಟ್ಟೆಗಳಿವೆ. ಗ್ರಾಮಫೋನ್ ತಟ್ಟೆಯ ಗೆರೆ ಸುರುಳಿಯಾಗಿ ಒಳಕ್ಕೆ ಸಾಗುತ್ತದೆ. ಇಲ್ಲಿ ಒಂದರೊಳಗೊಂದು ಬಿಡಿ ವೃತ್ತಗಳು. ಒಂದೊಂದು ವೃತ್ತವೂ ಒಂದು ಟ್ರ್ಯಾಕ್. ಟ್ರ್ಯಾಕನ್ನು ತುಂಡು ಮಾಡಿದರೆ ಸೆಕ್ಟರ್. ಒಂದು ಸೆಕ್ಟರಿನಲ್ಲಿ ಹಿಂದೆ 512 ಬೈಟ್ ಹಿಡಿಸುತ್ತಿತ್ತು, ಹೊಸ ಡಿಸ್ಕ್‌ಗಳಲ್ಲಿ 4096. ಹೊರಗಿನ ವೃತ್ತ ದೊಡ್ಡದು, ಆದ್ದರಿಂದ ಅಲ್ಲಿ ಸೆಕ್ಟರುಗಳೂ ಹೆಚ್ಚು.

ಓದುವ, ಬರೆಯುವ ಹೆಡ್ ಒಂದು ತೋಳಿನ ತುದಿಯಲ್ಲಿರುತ್ತದೆ. ತೋಳು ಸರಿಯಾದ ಟ್ರ್ಯಾಕಿಗೆ ಸರಿದು, ಬೇಕಾದ ಸೆಕ್ಟರ್ ತನ್ನ ಕೆಳಗೆ ಬರುವವರೆಗೆ ಕಾಯುತ್ತದೆ. ತಟ್ಟೆ ನಿಮಿಷಕ್ಕೆ 7200 ಸುತ್ತು ತಿರುಗಿದರೆ ಸೆಕೆಂಡಿಗೆ 120 ಸುತ್ತಾಯಿತು. ಕಾಯುವುದು ಸರಾಸರಿ ಅರ್ಧ ಸುತ್ತು, ಅಂದರೆ ಸುಮಾರು 4 ಮಿಲಿಸೆಕೆಂಡ್. ಒಂದೇ ಫೈಲಿನ ತುಂಡುಗಳು ಅಲ್ಲಲ್ಲಿ ಚದುರಿದ್ದರೆ ತೋಳಿನ ಓಡಾಟ ಹೆಚ್ಚಿ ಕಂಪ್ಯೂಟರ್ ನಿಧಾನವಾಗುತ್ತದೆ.

ಯಾವ ತುಂಡು ಎಲ್ಲಿದೆ ಎಂಬುದನ್ನು ಡಿಸ್ಕ್ ಒಂದು ವಿಳಾಸಪಟ್ಟಿಯಲ್ಲಿ ಬರೆದಿಟ್ಟುಕೊಂಡಿರುತ್ತದೆ. ನಾವು ಫೈಲ್ ಅಳಿಸಿದಾಗ ಸಾಮಾನ್ಯವಾಗಿ ಅಳಿಯುವುದು ಆ ವಿಳಾಸ ಮಾತ್ರ. ಮನೆ ಇದ್ದಲ್ಲೇ ಇರುತ್ತದೆ, ‘ಬಾಡಿಗೆಗಿದೆ’ ಎಂಬ ಬೋರ್ಡು ಬೀಳುತ್ತದೆ, ಅಷ್ಟೆ.

ಇದು ನನಗೆ ತಡವಾಗಿ ತಿಳಿಯಿತು. ಅಮ್ಮ ಹಾಡಿದ ಹನ್ನೊಂದು ಹಸೆ ಹಾಡುಗಳನ್ನು ಕಂಪ್ಯೂಟರಿನಲ್ಲಿ ಇಟ್ಟಿದ್ದೆ. ಜಾಗ ಖಾಲಿ ಮಾಡುವ ಅವಸರದಲ್ಲಿ ಅವನ್ನೂ ಅಳಿಸಿದೆ. ಗೊತ್ತಾಗುವ ಹೊತ್ತಿಗೆ ಅದೇ ಡಿಸ್ಕಿಗೆ ಎರಡು ಸಿನಿಮಾ ತುಂಬಿಸಿಯಾಗಿತ್ತು. ಬಲ್ಲವರೊಬ್ಬರು ಹುಡುಕಿ ಏಳು ಹಾಡು ತೆಗೆದುಕೊಟ್ಟರು. ಉಳಿದ ನಾಲ್ಕರ ಮನೆಗೆ ಹೊಸ ಬಾಡಿಗೆದಾರರು ಬಂದಿದ್ದರು. ಅಮ್ಮ ಈಗಿಲ್ಲ.

ಆದ್ದರಿಂದ ಎರಡು ಮಾತು. ತಪ್ಪಿ ಅಳಿಸಿದರೆ ಆ ಡಿಸ್ಕಿಗೆ ಏನನ್ನೂ ಬರೆಯಬೇಡಿ. ಕಂಪ್ಯೂಟರ್ ಆರಿಸಿ, ತಿಳಿದವರನ್ನು ಕೇಳಿ. ಹಳೆಯ ಡಿಸ್ಕನ್ನು ಗುಜರಿಗೆ ಹಾಕುವಾಗ ಬರಿದೆ ಅಳಿಸಿದರೆ ಸಾಲದು. ಅದರ ಮೇಲೆಲ್ಲ ಬೇರೇನಾದರೂ ಬರೆಸಿ ಕೊಡಿ, ಇಲ್ಲವಾದರೆ ನಿಮ್ಮ ಬ್ಯಾಂಕಿನ ಕಾಗದ ಪತ್ರ ಬೇರೆಯವರ ಪಾಲಾದೀತು. ಈಗಿನ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ತಿರುಗುವ ತಟ್ಟೆಯೇ ಇಲ್ಲ, ಎಸ್‌ಎಸ್‌ಡಿ ಎಂಬ ಚಿಪ್‌ಗಳಿವೆ. ಅಳಿಸಿದ್ದು ಮರಳಿ ಸಿಗುವುದು ಅಲ್ಲಿ ಇನ್ನೂ ಕಷ್ಟ.

ಮನೆಯವರ ದನಿ, ಫೋಟೋ ಯಾವುದೇ ಇರಲಿ, ಇನ್ನೊಂದು ಪ್ರತಿ ಬೇರೆ ಕಡೆ ಇಡಿ. ಇವತ್ತೇ ಇಡಿ.