ಚಕ್ರದ ಹಲಗೆಗೊಂದು ಜಾಗ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)



ಹಳೆಯ ವಿದ್ಯಾರ್ಥಿಗಳು ಮಾತಾಡಲು ನಿಂತರೆ ತಮ್ಮ ಕಾಲದ ಬೆತ್ತದೇಟಿನ ಕಥೆ ಹೇಳುವುದು ವಾಡಿಕೆ. ನನಗಿಂತ ಮುಂಚೆ ಮಾತಾಡಿದ ಮೂವರೂ ಅದನ್ನು ಚೆನ್ನಾಗಿಯೇ ಹೇಳಿದ್ದಾರೆ. ನನಗೆ ಕೊಟ್ಟಿರುವ ವಿಷಯ ‘ಶಾಲೆ ಮತ್ತು ಕ್ರೀಡೆ’. ಕಬಡ್ಡಿ, ಖೋ ಖೋ ಬಗ್ಗೆ ನಮ್ಮ ದೈಹಿಕ ಶಿಕ್ಷಕರ ಎದುರು ನಾನು ಹೇಳುವಂಥದ್ದು ಏನೂ ಇಲ್ಲ. ಆದ್ದರಿಂದ ಇಲ್ಲಿ ಯಾರೂ ಎತ್ತದ ಒಂದು ಆಟದ ಮಾತು ಎತ್ತುತ್ತೇನೆ.

ಊರಾಚೆ ಬೈಪಾಸ್ ಆದ ಮೇಲೆ ಅದರ ಸರ್ವಿಸ್ ರಸ್ತೆಯಲ್ಲಿ ಏಳೆಂಟು ಮಕ್ಕಳು ಸಂಜೆ ಹೊತ್ತು ಸ್ಕೇಟ್‌ಬೋರ್ಡ್ ಓಡಿಸುತ್ತಾರೆ. ಅವರಲ್ಲಿ ಕೆಲವರು ಇಲ್ಲೇ ಕುಳಿತಿದ್ದಾರೆ, ತಲೆ ತಗ್ಗಿಸಬೇಡಿ. ಅದು ಜಲ್ಲಿ ಲಾರಿ ಓಡಾಡುವ ರಸ್ತೆ. ಹಿರಿಯರು ಬಯ್ಯುತ್ತಾರೆ, ಬಯ್ಯಬೇಕಾದದ್ದೇ. ಆದರೆ ಬಯ್ದು ಓಡಿಸಿದರೆ ಅವರು ಹೋಗುವುದಾದರೂ ಎಲ್ಲಿಗೆ? ಊರೊಳಗಿನ ರಸ್ತೆಗಳಲ್ಲಿ ಡಾಂಬರು ಎದ್ದುಹೋಗಿದೆ. ಶಾಲೆಯ ಮೈದಾನ ಮಣ್ಣಿನದು. ನುಣ್ಣಗಿರುವ ನೆಲ ಊರಿಗೆಲ್ಲ ಅದೊಂದೇ.

ಇದು ಪೋಲಿ ಹುಡುಗರ ಆಟ ಎನ್ನುವವರಿಗೆ ಒಂದು ಲೆಕ್ಕ ಹೇಳುತ್ತೇನೆ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಸ್ಕೇಟ್‌ಬೋರ್ಡಿಂಗ್ ಮೊದಲ ಬಾರಿಗೆ ಸೇರಿತು. ಮಹಿಳೆಯರ ಸ್ಟ್ರೀಟ್ ವಿಭಾಗದಲ್ಲಿ ಚಿನ್ನ ಗೆದ್ದ ಜಪಾನಿನ ಮೊಮಿಜಿ ನಿಶಿಯಾಗೆ 13 ವರ್ಷ, ಬೆಳ್ಳಿ ಗೆದ್ದ ಬ್ರೆಜಿಲಿನ ರೈಸಾ ಲೆಯಾಲ್‌ಗೂ 13, ಕಂಚು ಗೆದ್ದ ಫೂನಾ ನಕಾಯಾಮಾಗೆ 16. ಮೂವರ ವಯಸ್ಸು ಕೂಡಿಸಿದರೆ 42. ನಮ್ಮ ಮುಖ್ಯೋಪಾಧ್ಯಾಯರ ವಯಸ್ಸಿಗೆ ಇನ್ನೂ ಕೆಲವು ವರ್ಷ ಸೇರಿಸಬೇಕಾಗುತ್ತದೆ! ನಮ್ಮ ದೇಶದಲ್ಲಿಯೂ 2022ರ ಗುಜರಾತ್ ರಾಷ್ಟ್ರೀಯ ಕ್ರೀಡಾಕೂಟದಲ್ಲಿ ಈ ಸ್ಪರ್ಧೆ ನಡೆಯಿತು.

ನಾನು ಸ್ಕೇಟರ್ ಅಲ್ಲ, ಬೆಂಗಳೂರಿನಲ್ಲಿ ಕಟ್ಟಡ ಕಾಮಗಾರಿಯ ಎಂಜಿನಿಯರ್. ಮಗಳು ಸ್ಕೇಟ್‌ಬೋರ್ಡ್ ಹಿಡಿದ ಮೇಲೆ ಭಾನುವಾರಗಳಂದು ಅವಳ ಹಿಂದೆ ನೀರಿನ ಬಾಟಲಿ ಹಿಡಿದು ಅಲೆಯುವುದು ನನ್ನ ಪಾಲಿಗೆ ಬಂತು. ಅವಳು ಆಡುತ್ತಾಳೆ, ನಾನು ಕಟ್ಟೆಯ ಮೇಲೆ ಕುಳಿತು ಕಾಂಕ್ರೀಟು ನೋಡುತ್ತೇನೆ. ಹಾಗೆ ನೋಡಿ ತಿಳಿದದ್ದಿಷ್ಟು.

ಮೊದಲು, ರಿಂಕ್ ಬೇರೆ, ಸ್ಕೇಟ್ ಪಾರ್ಕ್ ಬೇರೆ. ಕಾಲಿಗೆ ಚಕ್ರದ ಬೂಟು ಕಟ್ಟಿಕೊಂಡು ಸುತ್ತು ಹೊಡೆಯುವ ಸಮತಟ್ಟಾದ ಅಂಗಳ ರಿಂಕ್. ನಮ್ಮ ನಾಡಿನಲ್ಲಿ ಅದಕ್ಕೆ ಒಳ್ಳೆಯ ಪರಂಪರೆಯೇ ಇದೆ. ಬೆಳಗಾವಿಯ ಶಿವಗಂಗಾ ರೋಲರ್ ಸ್ಕೇಟಿಂಗ್ ಕ್ಲಬ್ಬಿನ ಮಕ್ಕಳ ದಾಖಲೆಗಳ ಸುದ್ದಿಯನ್ನು ನೀವು ಪತ್ರಿಕೆಗಳಲ್ಲಿ ಓದಿರಬಹುದು. ಸ್ಕೇಟ್ ಪಾರ್ಕಿನಲ್ಲಿ ನೆಲವೇ ಏಳುತ್ತದೆ, ಇಳಿಯುತ್ತದೆ. ಇಳಿಜಾರು, ಮೆಟ್ಟಿಲು, ಕಬ್ಬಿಣದ ಸರಳು, ಬಾಣಲೆಯಂತೆ ತಗ್ಗಾದ ಬೌಲ್ ಎಲ್ಲವೂ ಅಲ್ಲಿರುತ್ತವೆ. ಬಾಣಲೆಯ ಆಕಾರ ಬಂದದ್ದೂ ಒಂದು ಸೋಜಿಗ. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಬರಗಾಲ ಬಂದು ಮನೆಗಳ ಈಜುಕೊಳಗಳು ಬತ್ತಿದವು. ಅಲ್ಲಿನ ಹುಡುಗರು ಖಾಲಿ ಕೊಳಕ್ಕೆ ಇಳಿದು ಅದರ ಗೋಡೆಯ ಮೇಲೆ ಚಕ್ರ ಹತ್ತಿಸಿದರು. ಬರಗಾಲದಲ್ಲಿ ನಮ್ಮ ಕೆರೆಯಂಗಳ ಕ್ರಿಕೆಟ್ ಮೈದಾನವಾಗುವುದಿಲ್ಲವೇ, ಹಾಗೆ.

ಈಗ ಜಾಗ ಹುಡುಕುವ ಮಾತು. ಪಿಯುಸಿಗೆ, ಡಿಪ್ಲೊಮಾಕ್ಕೆ ಬೆಂಗಳೂರಿಗೆ ಹೋಗುವವರು ನಿಮ್ಮಲ್ಲಿ ಬಹಳ ಮಂದಿ ಇದ್ದೀರಿ. ಅಲ್ಲಿ ಸ್ಕೇಟ್‌ಬೋರ್ಡಿಂಗ್ ಬೇರೂರಿದ್ದು ಸ್ಕೇಟರ್‌ಗಳ ಕೈಯಿಂದಲೇ. ಹೋಲಿಸ್ಟೋಕ್ಡ್ ಎಂಬ ಗುಂಪು 2013ರಲ್ಲಿ, ಹೊರದೇಶಗಳಿಂದ ಬಂದ ಸ್ಕೇಟರ್‌ಗಳ ಜತೆ ತಾನೇ ಕರಣೆ ಹಿಡಿದು ಒಂದು ಪಾರ್ಕ್ ಕಟ್ಟಿತು. ಲಿವೈಸ್ ಕಂಪನಿಯ ನೆರವೂ ಇತ್ತು. ಸರ್ಜಾಪುರ ರಸ್ತೆಯ ಪ್ಲೇ ಅರೇನಾದಲ್ಲಿಯೂ ಸ್ಕೇಟಿಂಗ್‌ಗೆ ಜಾಗ ಮಾಡಿದ್ದಾರೆ. ಆದರೆ ಬಾಡಿಗೆ ಜಮೀನಿನ ಮೇಲಿನ ಪಾರ್ಕಿನ ಆಯುಷ್ಯ ಜಮೀನಿನ ಯಜಮಾನರ ಮನಸ್ಸಿದ್ದಷ್ಟೇ ದಿನ. ಹಳೆಯ ಸುದ್ದಿ ನಂಬಿ ಎರಡು ಬಸ್ಸು ಬದಲಿಸಿ ಹೋಗಬೇಡಿ. ಆ ಜಾಗದ ವಿಡಿಯೊ ಇತ್ತೀಚಿನದೇ ನೋಡಿ, ಸ್ಕೇಟ್‌ಬೋರ್ಡ್ ಮಾರುವ ಅಂಗಡಿಯವರನ್ನು ಕೇಳಿ. ಇಂದು ಎಲ್ಲಿ ಯಾರು ಆಡುತ್ತಿದ್ದಾರೆಂಬುದು ಅವರಿಗೆ ಗೊತ್ತಿರುತ್ತದೆ. ಫೋನಿನ ನಕ್ಷೆಯಲ್ಲಿ ಉಪಗ್ರಹ ಚಿತ್ರ ತೆರೆದರೆ ಬೌಲ್‌ಗಳು ಬೂದು ಬಣ್ಣದ ದುಂಡು ಗುಳಿಗಳಂತೆ ಕಾಣುತ್ತವೆ. ಅದೂ ಒಂದು ಉಪಾಯ.

ಸಿಕ್ಕ ಪಾರ್ಕ್ ನಿಮಗೆ ತಕ್ಕದ್ದೋ ಅಲ್ಲವೋ ಎಂಬುದೇ ದೊಡ್ಡ ಪ್ರಶ್ನೆ. ಹೊಸಬರಿಗೆ ಬೇಕಾದದ್ದು ಬೌಲ್ ಅಲ್ಲ, ಒಂದು ಬ್ಯಾಡ್ಮಿಂಟನ್ ಕೋರ್ಟಿನಷ್ಟು ನುಣುಪು ನೆಲ. ಅದರ ಅಂಚಿಗೆ ಮೊಣಕಾಲೆತ್ತರದ ಇಳಿಜಾರು ಒಂದಿದ್ದರೆ ಆರು ತಿಂಗಳ ಕಲಿಕೆಗೆ ಸಾಕು. ತಳ್ಳುವುದು, ತಿರುಗುವುದು, ನಿಲ್ಲಿಸುವುದು, ಎಲ್ಲಕ್ಕಿಂತ ಮುಖ್ಯವಾಗಿ ಬೀಳುವುದು ಅಲ್ಲೇ ಬರಬೇಕು. ಬೀಳುವಾಗ ಕೈ ಊರುವುದು ಎಲ್ಲರ ಸ್ವಭಾವ. ಹೊಸಬರ ಮಣಿಕಟ್ಟು ಮುರಿಯುವುದು ಹಾಗೆಯೇ. ಹೆಲ್ಮೆಟ್ಟಿನ ಜತೆ ಮಣಿಕಟ್ಟಿನ ಪಟ್ಟಿಯನ್ನೂ ಕೊಡಿಸಿ ಎಂದು ಪೋಷಕರನ್ನು ಕೇಳಿಕೊಳ್ಳುತ್ತೇನೆ. ಪಳಗಿದವರು ಹುಡುಕುವುದೇ ಬೇರೆ. ಎರಡು ಆಳು ಆಳದ ಬೌಲ್, ಅದರ ಬಾಯಿಗೆ ಕೂರಿಸಿದ ಕಬ್ಬಿಣದ ಅಂಚು, ಮೆಟ್ಟಿಲ ಪಕ್ಕದ ಸರಳು ಇವೆಲ್ಲ ಅವರಿಗೆ ಬೇಕು. ಇಬ್ಬರೂ ಒಂದೇ ಹೊತ್ತಿಗೆ ಒಂದೇ ಬೌಲಿಗೆ ಇಳಿದರೆ ಡಿಕ್ಕಿ ಖಂಡಿತ. ಹೊಸಬರು ಬೆಳಿಗ್ಗೆ ಬೇಗ ಹೋಗಬೇಕು. ಬೌಲಿಗೆ ಒಬ್ಬರಾದ ಮೇಲೆ ಒಬ್ಬರು ಇಳಿಯಬೇಕು. ಉಳಿದವರು ದಡದಲ್ಲಿ ನಿಂತು ನೋಡಬೇಕು. ನೋಡುವುದೂ ಅರ್ಧ ಪಾಠವೇ.

ಸಲಕರಣೆಯ ಬಗ್ಗೆ ಒಂದೇ ಮಾತು. ಜಾತ್ರೆಯಲ್ಲಿ ಸಿಗುವ ಆಟಿಕೆ ಬೋರ್ಡಿನ ಚಕ್ರ ಕಲ್ಲಿನಂತಿರುತ್ತದೆ, ಸಣ್ಣ ಹರಳು ಸಿಕ್ಕರೂ ಗಕ್ಕನೆ ನಿಂತು ಮುಂದಕ್ಕೆ ಎಸೆಯುತ್ತದೆ. ಯುರೆಥೇನ್ ಚಕ್ರದ ಮೇಲೆ ಅದರ ಗಡಸುತನ ಅಂಕಿಯಲ್ಲಿ ಬರೆದಿರುತ್ತಾರೆ. 78ಎ ಮೆತ್ತಗಿನದು, ಒರಟು ರಸ್ತೆಗೆ. 99ಎ ಗಡಸು, ಪಾರ್ಕಿನ ನುಣುಪು ನೆಲಕ್ಕೆ.

‘ಇದೆಲ್ಲ ಬೆಂಗಳೂರಿನವರಿಗಾಯಿತು, ನಮ್ಮೂರಿಗೇನು?’ ಎಂದು ಹಿಂದಿನ ಸಾಲಿನಿಂದ ಯಾರೋ ಕೇಳಿದರು. ಸರಿಯಾಗಿಯೇ ಕೇಳಿದಿರಿ. ಮಧ್ಯಪ್ರದೇಶದ ಪನ್ನಾ ಜಿಲ್ಲೆಯಲ್ಲಿ ಜನವಾರ್ ಎಂಬ ಹಳ್ಳಿಯಿದೆ, ನಮ್ಮೂರಿಗಿಂತ ಬಡ ಹಳ್ಳಿ. ಜರ್ಮನಿಯ ಉಲ್ರಿಕೆ ರೈನ್‌ಹಾರ್ಡ್ ಎಂಬಾಕೆ 2015ರಲ್ಲಿ ಅಲ್ಲೊಂದು ಕಾಂಕ್ರೀಟಿನ ಸ್ಕೇಟ್ ಪಾರ್ಕ್ ಮಾಡಿಸಿದರು. ನಿಯಮ ಎರಡೇ: ಶಾಲೆಗೆ ಬಾರದವರಿಗೆ ಸ್ಕೇಟಿಂಗ್ ಇಲ್ಲ, ಹುಡುಗಿಯರಿಗೆ ಮೊದಲ ಸರದಿ. ಆ ಹಳ್ಳಿಯ ಆದಿವಾಸಿ ಹುಡುಗಿ ಆಶಾ ಗೊಂಡ್ 2018ರಲ್ಲಿ ಚೀನಾದ ನಾನ್‌ಜಿಂಗ್‌ನಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ಗೆ ಹೋಗಿಬಂದಳು. ರಾಜಸ್ಥಾನದ ಖೇಮ್‌ಪುರದಲ್ಲಿ ‘ಸ್ಕೇಟರ್ ಗರ್ಲ್’ ಚಲನಚಿತ್ರಕ್ಕಾಗಿ ಕಟ್ಟಿದ ಪಾರ್ಕನ್ನು ಚಿತ್ರತಂಡ ಕೆಡವದೆ ಊರಿನ ಮಕ್ಕಳಿಗೇ ಬಿಟ್ಟುಹೋಯಿತು.

ಎರಡನೆಯ ನಿಯಮವನ್ನು ಸ್ವಲ್ಪ ಗಮನಿಸಿ. ಸರ್ವಿಸ್ ರಸ್ತೆಯ ಆ ಏಳೆಂಟು ಮಕ್ಕಳಲ್ಲಿ ಹುಡುಗಿ ಒಬ್ಬಳೂ ಇಲ್ಲ. ಲಾರಿ ಓಡಾಡುವ ರಸ್ತೆಗೆ ಸಂಜೆ ಹೊತ್ತು ಯಾವ ತಾಯಿ ಮಗಳನ್ನು ಕಳಿಸುತ್ತಾಳೆ? ಅದೇ ಆಟ ಶಾಲೆಯ ಕಾಂಪೌಂಡಿನೊಳಗೆ, ಮೇಡಂ ಕಣ್ಣೆದುರಿಗೆ ಇದ್ದರೆ ಕಳಿಸುತ್ತಾಳೆ.

ಇನ್ನು ಮಹೋತ್ಸವ ಸಮಿತಿಯವರಿಗೆ ನನ್ನ ಬಿನ್ನಹ. ರಂಗಮಂದಿರದ ಮುಂದಿನ ಅಂಗಳಕ್ಕೆ ಕಾಂಕ್ರೀಟು ಹಾಕಿಸಬೇಕೆಂದು ಈಗಾಗಲೇ ತೀರ್ಮಾನಿಸಿದ್ದೀರಿ. ಅಳತೆ ಹೆಚ್ಚುಕಡಿಮೆ ವಾಲಿಬಾಲ್ ಅಂಕಣದಷ್ಟು, 18 ಮೀಟರ್ ಉದ್ದ, 9 ಮೀಟರ್ ಅಗಲ. ಬೇರೆ ಜಾಗ, ಬೇರೆ ಹಣ ನಾನು ಕೇಳುತ್ತಿಲ್ಲ. ಆ ನೆಲದ ಮೇಲ್ಮೈಯನ್ನು ಪೊರಕೆ ಎಳೆದು ಗೀರು ಬಿಡದೆ ಕರಣೆಯಿಂದ ನುಣ್ಣಗೆ ತೀಡಿಸಿ. ಮಳೆನೀರು ಹರಿಯಲು ನೂರಕ್ಕೆ ಒಂದರಷ್ಟು ಇಳಿಜಾರು ಸಾಕು. ಜಾಯಿಂಟುಗಳನ್ನು ಪಟ್ಟಿ ಇಟ್ಟು ಅಗಲ ಮಾಡಬೇಡಿ, ಕಾಂಕ್ರೀಟು ಗಟ್ಟಿಯಾದ ಮೇಲೆ ಗರಗಸದಲ್ಲಿ ಸಣ್ಣಗೆ ಕತ್ತರಿಸಿ, ಚಕ್ರ ಸಿಕ್ಕಿಕೊಳ್ಳುವುದಿಲ್ಲ. ಗೋಣಿಚೀಲ ಹೊದಿಸಿ ಎರಡು ವಾರ ನೀರುಣಿಸಿ. ಅವಸರಪಟ್ಟರೆ ಮೇಲ್ಮೈ ಧೂಳಾಗಿ ಏಳುತ್ತದೆ, ಆಮೇಲೆ ಅಲ್ಲಿ ಪ್ರಾರ್ಥನೆಗೆ ನಿಂತವರಿಗೂ ಕೆಮ್ಮು. ಒಂದು ಮೂಲೆಯಲ್ಲಿ ಮೊಣಕಾಲೆತ್ತರದ ಇಳಿಜಾರು ಕಟ್ಟಿಸಿದರೆ ಗಾಲಿಕುರ್ಚಿಯ ಮಗುವೂ ಅದೇ ದಾರಿಯಲ್ಲಿ ರಂಗಮಂದಿರದ ಕಟ್ಟೆಗೆ ಏರಬಹುದು. ಆದರೆ ಗಾಲಿಕುರ್ಚಿಗಾದರೆ ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಬೇಕು, ಅದನ್ನು ಮೊಟಕು ಮಾಡಬೇಡಿ.

ನುಣುಪು ನೆಲ ಮಳೆಯಲ್ಲಿ ಜಾರುತ್ತದೆ ಎಂದು ದೈಹಿಕ ಶಿಕ್ಷಕರು ಆಗಲೇ ಕಿವಿಯಲ್ಲಿ ಹೇಳಿದರು. ನಿಜ, ಜಾರುತ್ತದೆ. ಮಳೆಗಾಲದಲ್ಲಿ ನೆಲ ಒಣಗುವವರೆಗೆ ಬೋರ್ಡುಗಳು ಅವರ ಕೊಠಡಿಯಲ್ಲಿಯೇ ಇರಲಿ, ಬೀಗದ ಕೈ ಅವರ ಹತ್ತಿರವೇ ಇರಲಿ. ಒಂಬತ್ತು, ಹತ್ತನೆಯ ತರಗತಿಯ ಇಬ್ಬರು ಹುಡುಗಿಯರು ಸರದಿಯ ಪುಸ್ತಕ ಬರೆಯಲಿ.

ನೆಲದ ಕಾಮಗಾರಿ ದೀಪಾವಳಿ ಕಳೆದ ಮೇಲೆ ಎಂದು ಅಧ್ಯಕ್ಷರು ಹೇಳಿದ್ದಾರೆ. ಗಾರೆ ಕೆಲಸದವರು ಬರುವ ಹಿಂದಿನ ದಿನ ನನಗೊಂದು ಫೋನು ಮಾಡಿ. ರಾತ್ರಿ ಬಸ್ಸಿಗೆ ಹೊರಟು ಬೆಳಿಗ್ಗೆ ಆರಕ್ಕೆ ಮಟ್ಟಗೋಲು ಹಿಡಿದು ಇಲ್ಲಿರುತ್ತೇನೆ. ಹಲಗೆ ಇರುವ ಮಕ್ಕಳೂ ಅಂದು ಬನ್ನಿ, ಎಳೆ ಕಾಂಕ್ರೀಟಿನ ಮೇಲೆ ನಾಯಿ ಓಡಾಡದಂತೆ ಕಾಯಲು ಜನ ಬೇಕಾಗುತ್ತದೆ.